ಒಳ್ಳೆ ಸಿನಿಮಾ ಬಂತು, ಬಸ್ಸು ಹೋಯಿತು

ನಮ್ಮ ವಿಜಯಪುರದಲ್ಲಿ ಎರಡು ವರ್ಷ ಬೀಗ ಬಿದ್ದಿದ್ದ ಒಂದು ಥೇಟರು ಮತ್ತೆ ಶುರುವಾಗಿದೆ. ಹೆಸರು ಬರೆಯುವುದಿಲ್ಲ. ಮುಂದೆ ಸ್ವಲ್ಪ ಬೈಯುವುದಿದೆ, ನಾಳೆ ನಾನು ಅದೇ ಥೇಟರಿಗೆ ಹೋಗಬೇಕು.

ಮೊದಲು ಹೊಗಳಿಬಿಡುತ್ತೇನೆ. ಕುರ್ಚಿ ಹೊಸದು. ಪರದೆ ಹೊಸದು. ಲೇಡೀಸ್ ಟಾಯ್ಲೆಟ್‌ಗೆ ಚಿಲಕ ಇದೆ. (ಇದನ್ನು ಓದಿ ನಕ್ಕವರೆಲ್ಲ ಗಂಡಸರು ಅಂತ ನನಗೆ ಗೊತ್ತು.) ಇಂಟರ್ವಲ್‌ನಲ್ಲಿ ಪಾಪ್‌ಕಾರ್ನ್ ಜೊತೆ ಮಿರ್ಚಿ ಭಜಿಯನ್ನೂ ಉಳಿಸಿಕೊಂಡಿದ್ದಾರೆ, ಪುಣ್ಯ.

ದೊಡ್ಡ ಬದಲಾವಣೆ ಅಂದರೆ ಸಿನಿಮಾಗಳದ್ದು. ಮುಚ್ಚುವ ಮೊದಲು ಅಲ್ಲಿ ಎರಡೇ ಥರ. ದೊಡ್ಡ ಹೀರೋನ ಸಿನಿಮಾ, ಅದಿಲ್ಲದಾಗ ತೆಲುಗಿನಿಂದ ಡಬ್ ಆಗಿ ಬಂದದ್ದು. ಈಗ ಮಂಗಳವಾರ ಮರಾಠಿ, ಗುರುವಾರ ಪ್ರಶಸ್ತಿ ಬಂದ ಕನ್ನಡ ಸಿನಿಮಾ, ರವಿವಾರ ಮುಂಜಾನೆ ಮಕ್ಕಳದ್ದು, ತಿಂಗಳಿಗೊಂದು ಹಳೆಯ ಕಪ್ಪು-ಬಿಳುಪು. ಬೋರ್ಡು ನೋಡಿ ನಾನು ಸ್ಕೂಟಿ ನಿಲ್ಲಿಸಿ ಫೋಟೋ ತೆಗೆದೆ.

ಶಾಲೆಯಲ್ಲಿ ಸಹೋದ್ಯೋಗಿಯೊಬ್ಬರು ಅದನ್ನು ನೋಡಿ "ಇವೆಲ್ಲ ಬೆಂಗಳೂರು ಚಟಾ, ಇಲ್ಲಿ ನಡಿಯಂಗಿಲ್ರಿ" ಅಂದರು. ನನಗೆ ಸಿಟ್ಟು ಬಂತು. ನಮ್ಮ ಊರು ಯಾವಾಗ ಒಂದೇ ಥರದ ಸಿನಿಮಾ ನೋಡಿದೆ? 1956ರಲ್ಲಿ ನಾವು ಮುಂಬೈ ರಾಜ್ಯ ಬಿಟ್ಟು ಈ ಕಡೆ ಸೇರಿದೆವು. ಆದರೆ ಹಿಂದಿ ಸಿನಿಮಾ ವ್ಯಾಪಾರದವರ ಲೆಕ್ಕದಲ್ಲಿ ಆಮೇಲೂ ನಾವು ಮುಂಬೈ ಸರ್ಕ್ಯೂಟೇ, ಅಂದರೆ ಮುಂಬೈನ ವಿತರಣೆ ವಲಯವೇ. ಮುಂಬೈ ಸಿನಿಮಾಕ್ಕೆ ಕಂಠ ಕೊಟ್ಟ ಅಮೀರ್‌ಬಾಯಿ ಕರ್ನಾಟಕಿ ಬೀಳಗಿಯವರು. ಅವರ ಹೆಸರಿನ ಅಮೀರ್ ಟಾಕೀಸು ಇದೇ ಊರಿನದು. (ನಾನು ಹೇಳುತ್ತಿರುವ ಥೇಟರು ಅದಲ್ಲ, ಯಾರೂ ತಪ್ಪು ತಿಳಿಯಬೇಡಿ.) ಚಡಚಣ, ಇಂಡಿ ಕಡೆಯವರು ಮರಾಠಿ ಸಿನಿಮಾಕ್ಕೆ ಸೋಲಾಪುರಕ್ಕೆ ಹೋಗಿಬರುತ್ತಾರೆ. ಇನ್ನು ಪ್ರಶಸ್ತಿ ಸಿನಿಮಾ. ನಿರ್ದೇಶಕ ಗಿರೀಶ ಕಾಸರವಳ್ಳಿಯವರಿಗೆ ನಾಲ್ಕು ಸಲ ಸ್ವರ್ಣಕಮಲ, ಅಂದರೆ ದೇಶದ ಅತ್ಯುತ್ತಮ ಸಿನಿಮಾದ ಪ್ರಶಸ್ತಿ, ಬಂತು ಅಂತ ನಾವು ಪೇಪರಿನಲ್ಲಿ ಓದಿದ್ದೇವೆ. ಅಂಥ ಸಿನಿಮಾ ನೋಡಿದ್ದು ಮಾತ್ರ ದೂರದರ್ಶನದಲ್ಲಿ, ರವಿವಾರ ಮಧ್ಯಾಹ್ನ ಊಟ ಮಾಡಿ ಅರೆನಿದ್ದೆಯಲ್ಲಿ. ಆಸೆ ಇರಲಿಲ್ಲ ಅಂತಲ್ಲ, ಯಾರೂ ತೋರಿಸಲಿಲ್ಲ.

ಸರಿ, ಗುರುವಾರ ಹೋದೆ. ಶೋ ರಾತ್ರಿ ಒಂಬತ್ತೂವರೆಗೆ. ನಮ್ಮ ಮನೆಯವರು ಗೊಣಗುತ್ತಾ ಬಂದರು. ಒಳಗೆ ಹದಿನಾಲ್ಕು ಜನ. ನನ್ನನ್ನೂ ಸೇರಿಸಿ ಹೆಂಗಸರು ಮೂವರು. ಸಿನಿಮಾ ಚೆನ್ನಾಗಿತ್ತು. ನಿಧಾನ, ಆದರೆ ಬೇಸರವಾಗಲಿಲ್ಲ. ಹೊರಗೆ ಬಂದಾಗ ಹನ್ನೆರಡಕ್ಕೆ ಹತ್ತು ನಿಮಿಷ ಕಡಿಮೆ. ರಸ್ತೆಯಲ್ಲಿ ನಾಯಿ ಬಿಟ್ಟರೆ ನಾವೇ.

ಮುಂದಿನ ವಾರ ಟಿಕೆಟ್ ಕೊಳ್ಳುವಾಗ ಮ್ಯಾನೇಜರ್ ಕೇಳಿದರು: "ಟೀಚರ್, ನೀವ ಹೇಳ್ರಿ, ಹದಿನಾಲ್ಕ ಮಂದಿಗೆ ಎಸಿ ಹಚ್ಚಲೋ ಬ್ಯಾಡೋ? ಇಂಥಾ ಪಿಚ್ಚರಿಗೆ ನಮ್ಮ ಮಂದಿ ಬರಂಗಿಲ್ಲ."

ನನ್ನ ಜಗಳ ಈ ಮಾತಿನ ಮೇಲೆ. ಮಂದಿ ಬರಲಿಲ್ಲ ನಿಜ. ಆದರೆ ಬರಲಿಕ್ಕೆ ಆಗುವ ಹೊತ್ತಿಗೆ ನೀವು ತೋರಿಸಿದ್ದೀರಾ?

ಇಲ್ಲಿ ನಮ್ಮ ಅವ್ವನ ಕಥೆ ಹೇಳಲೇಬೇಕು. ಅವ್ವನದು ಬಬಲೇಶ್ವರ ಕಡೆಯ ಹಳ್ಳಿ. ಓಣಿಯ ನಾಲ್ಕೈದು ಹೆಂಗಸರು ಸಂತೆಗೆ ಅಂತ ಬಿಜಾಪುರಕ್ಕೆ ಬರುತ್ತಿದ್ದರು. ಸಂತೆ ಒಂದು ಗಂಟೆಗೆ ಮುಗಿಯುತ್ತಿತ್ತು. ಆಮೇಲೆ ಮೂರು ಗಂಟೆಯ ಮ್ಯಾಟ್ನಿ. ಲೇಡೀಸ್ ಕೌಂಟರಿನಲ್ಲಿ ಟಿಕೆಟ್ ತೆಗೆಸಿ, ಕಾಯಿಪಲ್ಲೆ ಚೀಲ ಕಾಲಬುಡಕ್ಕೆ ಇಟ್ಟು ಕೂರುವುದು. ಮನೆಯಿಂದ ತಂದ ರೊಟ್ಟಿ, ಶೇಂಗಾ ಹಿಂಡಿ ಇಂಟರ್ವಲ್‌ಗೆ. ಊರಿಗೆ ವಾಪಸ್ ಹೋಗುವ ಬಸ್ಸು ಐದೂವರೆಗೆ. ಸಿನಿಮಾ ಬಿಡುವುದು ಆರಕ್ಕೆ. ಹಾಗಾಗಿ ಹೀರೋ ಇನ್ನೇನು ವಿಲನ್ ಮನೆಗೆ ನುಗ್ಗಬೇಕು, ಇವರು ಚೀಲ ಎತ್ತಿಕೊಂಡು ಬಸ್‌ಸ್ಟ್ಯಾಂಡಿಗೆ ಓಡುತ್ತಿದ್ದರು. ಅವ್ವ ಹತ್ತಾರು ಸಿನಿಮಾದ ಕಥೆ ಹೇಳುತ್ತಾಳೆ, ಒಂದಕ್ಕೂ ಕೊನೆ ಇಲ್ಲ. ಬಸ್ಸಿನಲ್ಲಿ ಕೂತು ಐವರೂ ಸೇರಿ ಕೊನೆ ಕಟ್ಟುತ್ತಿದ್ದರಂತೆ. ಒಂದು ಸಿನಿಮಾದಲ್ಲಿ ಅತ್ತೆಯನ್ನು ಬಾವಿಗೆ ನೂಕಿಬಿಟ್ಟಿದ್ದರು. ಮುಂದೆ ಟಿವಿಯಲ್ಲಿ ಅದೇ ಸಿನಿಮಾ ಬಂತು, ಅತ್ತೆ ಬದುಕಿದ್ದಳು. ಅವ್ವನಿಗೆ ಬೇಸರವಾಯಿತು.

ನಮ್ಮ ಜಿಲ್ಲೆಯ ಥೇಟರುಗಳನ್ನು ಸಾಕಿದವರು ಇಂಥವರು. ಅವರಿಗೆ ಹೊತ್ತು ಹೇಳುತ್ತಿದ್ದದ್ದು ಬಸ್ಸಿನ ಟೈಮು. ರಾತ್ರಿ ಒಂಬತ್ತರ ಮೇಲೆ ಹಳ್ಳಿಗೆ ಬಸ್ಸು ಎಲ್ಲಿದೆ? ಹಗಲು ಹೊತ್ತಿನ ಕಥೆ ಬೇರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಬಸ್ ಚಾರ್ಜೂ ಇಲ್ಲ. ಸಿಂದಗಿಯಿಂದ, ಬಾಗೇವಾಡಿಯಿಂದ ಆಸ್ಪತ್ರೆಗೆ, ಬಟ್ಟೆ ಅಂಗಡಿಗೆ ಬಂದವರು ಮಧ್ಯಾಹ್ನ ಬಸ್‌ಸ್ಟ್ಯಾಂಡಿನಲ್ಲಿ ಸುಮ್ನೆ ಕೂತಿರುತ್ತಾರೆ. ಅವರಿಗೆ ಹಾಕುವುದು ಬಿಟ್ಟು ಒಳ್ಳೆ ಸಿನಿಮಾನೆಲ್ಲ ಸೆಕೆಂಡ್ ಶೋಗೆ ತಳ್ಳಿ, ಯಾರೂ ಬರಲಿಲ್ಲ ಅಂದರೆ ಹೇಗೆ?

ಮ್ಯಾನೇಜರ್ ಹೇಳಿದ್ದರಲ್ಲೂ ಸತ್ಯ ಇದೆ, ಮುಚ್ಚಿಡುವುದಿಲ್ಲ. ದೊಡ್ಡ ಸಿನಿಮಾ ಕೊಡುವ ವಿತರಕರು ಮೊದಲ ವಾರ ಎಲ್ಲ ಶೋ ತಮಗೇ ಬೇಕು ಅಂತ ಕೂರುತ್ತಾರೆ. ವಾರದ ನಡುವಿನ ಸೆಕೆಂಡ್ ಶೋ ಹೇಗೂ ಖಾಲಿ, ಅದನ್ನಷ್ಟೇ ಬಿಟ್ಟುಕೊಡುತ್ತಾರೆ. ಅಂದರೆ ಪ್ರಶಸ್ತಿ ಸಿನಿಮಾಕ್ಕೆ ಸಿಕ್ಕಿದ್ದು ಬೇರೆಯವರಿಗೆ ಬೇಡವಾದ ಹೊತ್ತು.

ಆದರೆ ಎರಡನೇ ವಾರ? ಎರಡನೇ ವಾರದ ಸೋಮವಾರ ಮಧ್ಯಾಹ್ನ ದೊಡ್ಡ ಹೀರೋಗೂ ಅಷ್ಟೇ ಮಂದಿ. ಮೇಲೆ ಪ್ರೊಜೆಕ್ಟರ್ ರೂಮಿನಲ್ಲಿ ಹಳೆಯ ಆಪರೇಟರ್ ಕಾಕಾ ಇದ್ದಾರೆ. ಅವರನ್ನು ಕೇಳಿದೆ. ರೀಲಿನ ಕಾಲದಲ್ಲಿ ಇದು ಕಷ್ಟವಿತ್ತಂತೆ. ಡಬ್ಬಿಗಳು ಹೊರಗಿನಿಂದ ಬರಬೇಕು, ಒಂದೇ ಪ್ರಿಂಟು ಎರಡು ಊರಿಗೆ ಓಡಾಡಬೇಕು, ತಂದ ಮೇಲೆ ವಾರವಾದರೂ ಓಡಿಸದಿದ್ದರೆ ಬಾಡಿಗೆ ಮೈಮೇಲೆ. ಈಗ ಸಿನಿಮಾ ಹಾರ್ಡ್ ಡಿಸ್ಕಿನಲ್ಲೋ ಸ್ಯಾಟಲೈಟಿನಲ್ಲೋ ಬರುತ್ತದೆ. ಅದನ್ನು ತೆರೆಯಲು ಒಂದು ಡಿಜಿಟಲ್ ಕೀ ಕಳಿಸುತ್ತಾರೆ. ಯಾವ ಥೇಟರು, ಎಂದಿನಿಂದ ಎಂದಿನವರೆಗೆ ಅಂತ ಅದರಲ್ಲೇ ಇರುತ್ತದೆ. "ಕೀ ಬರಲಿಲ್ಲಂದ್ರ ಅದೊಂದ ಇಟ್ಟಂಗಿ ನೋಡವ್ವಾ" ಅಂದರು ಕಾಕಾ. ಕೀ ಬಂದರೆ ಹನ್ನೆರಡಕ್ಕೆ ಒಂದು, ಮೂರಕ್ಕೆ ಇನ್ನೊಂದು ಹಾಕಲು ಅವರಿಗೆ ಬೆರಳು ಒತ್ತುವ ಕೆಲಸ.

ಇನ್ನೊಂದು ಮಾತು, ರೇಟಿನದು. ನೂರು ರೂಪಾಯಿ ಒಳಗಿನ ಟಿಕೆಟ್ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 12 ಪರ್ಸೆಂಟಿನಿಂದ 5ಕ್ಕೆ ಇಳಿದಿದೆ. ನೂರು ದಾಟಿದರೆ 18. ಹಗಲಿನ ಶೋ ನೂರರೊಳಗೇ ಇರಲಿ ಅಂದೆ. ಅದಕ್ಕೆ ಮ್ಯಾನೇಜರ್ ತಕ್ಷಣ ಒಪ್ಪಿದರು. ಲೆಕ್ಕ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು.

ಹೊತ್ತಿನ ವಿಷಯಕ್ಕೆ ಮಾತ್ರ ಮೂರು ಸಲ ಹೋಗಿ ತಲೆ ತಿಂದೆ. ಮೂರನೇ ಸಲ "ಆತ್ರೀ ಟೀಚರ್, ಬರೂ ಸೋಮವಾರ ಹನ್ನೆರಡಕ್ಕ ಹಾಕ್ತೀನಿ. ಮಂದಿ ನೀವ ಕರಕೊಂಡ ಬರ್ರಿ" ಅಂದರು. ಎರಡೂವರೆಗೆ ಬಿಡುತ್ತದೆ. ಯಾವ ತಾಲೂಕಿನ ಬಸ್ಸೂ ತಪ್ಪುವುದಿಲ್ಲ. ಇಂಡಿಯಿಂದ ನಮ್ಮ ನೆಗೆಣ್ಣಿ ನಮ್ಮ ಅತ್ತೆಯನ್ನು ಕರೆದುಕೊಂಡು ಬರುತ್ತಿದ್ದಾಳೆ. ಅವ್ವ ಬಬಲೇಶ್ವರದಿಂದ ಇಬ್ಬರು ಗೆಳತಿಯರ ಜೊತೆ ಹೊರಟಿದ್ದಾಳೆ. ಅವತ್ತಿನ ಐವರಲ್ಲಿ ಉಳಿದಿರುವುದು ಈ ಮೂವರೇ. ಓದುತ್ತಿರುವವರಲ್ಲಿ ಸೋಮವಾರ ಬಿಡುವಿದ್ದವರು ಬನ್ನಿ, ನಿಮ್ಮ ಅವ್ವಂದಿರನ್ನೂ ಕರೆತನ್ನಿ.

ನಾನು ಬರುವುದಿಲ್ಲ. ಸೋಮವಾರ ಹನ್ನೆರಡಕ್ಕೆ ನನಗೆ ಎಂಟನೇ ಕ್ಲಾಸಿಗೆ ಗಣಿತ ಇದೆ. ಇಷ್ಟೆಲ್ಲ ಜಗಳವಾಡಿ ಗೆದ್ದ ಮೇಲೆ ಇದು ಹೊಳೆಯಿತು. ಶನಿವಾರ ಮುಂಜಾನೆ ಶಾಲೆ ಬಿಟ್ಟ ಮೇಲೆ ಒಂದು ಶೋ ಹಾಕುತ್ತೀರಾ ಅಂತ ಕೇಳಲು ಹೋದರೆ ಮ್ಯಾನೇಜರ್ ನನ್ನನ್ನು ಕಂಡ ಕೂಡಲೇ ಫೋನು ಕಿವಿಗೆ ಇಟ್ಟುಕೊಂಡರು. ಕೊನೆಯಲ್ಲಿ ಏನಾಗುತ್ತದೆ ಅಂತ ಯಾರೂ ನನಗೆ ಹೇಳಬೇಡಿ. ಅವ್ವನಿಗೂ ಹೇಳಿದ್ದೇನೆ.