ತಳದ ಹಣ್ಣನ್ನೂ ತೆಗೆದು ನೋಡಬೇಕು

ಪುಣೆಗೆ ಬಂದು ಹದಿನಾರು ವರ್ಷವಾಯಿತು. ಇಲ್ಲಿ ನಾವು ಏಳೆಂಟು ಜನ ತಿಂಗಳಿಗೊಮ್ಮೆ ಯಾರದಾದರೂ ಮನೆಯಲ್ಲಿ ಸೇರಿ, ಓದಿದ ಪುಸ್ತಕದ ಬಗ್ಗೆ ಮಾತಾಡುತ್ತೇವೆ. ಅಮೆರಿಕದ ಭಾಷಾವಿಜ್ಞಾನಿ, ಮಾಧ್ಯಮ ವಿಮರ್ಶಕ ನೋಮ್ ಚಾಮ್‌ಸ್ಕಿ, ಜೆಫ್ರಿ ಎಪ್‌ಸ್ಟೀನ್ ಎಂಬ ಸಿರಿವಂತನನ್ನು ಭೇಟಿಯಾಗುತ್ತಿದ್ದರೆಂಬ ಸುದ್ದಿ 2023ರಲ್ಲಿ ಹೊರಬಿತ್ತು. ಅಪ್ರಾಪ್ತ ಹುಡುಗಿಯ ವಿಷಯದಲ್ಲಿ 2008ರಲ್ಲೇ ಜೈಲು ಕಂಡಿದ್ದವನು ಅವನು. ಕೇಳಿದ ಪತ್ರಕರ್ತರಿಗೆ ಚಾಮ್‌ಸ್ಕಿ ಕೊಟ್ಟ ಮೊದಲ ಉತ್ತರ, ಅದು ನಿಮಗೆ ಬೇಡದ ವಿಷಯ ಅಂತ. ನನಗೂ ಹೊಟ್ಟೆ ತೊಳಸಿತು. ನಮ್ಮ ಗುಂಪಿನವರು ಓದಬೇಕೆಂದಿದ್ದ ಅವರ 'ಮ್ಯಾನುಫ್ಯಾಕ್ಚರಿಂಗ್ ಕನ್ಸೆಂಟ್' ಪುಸ್ತಕವನ್ನೇ ಕೈಬಿಟ್ಟರು. ಅದು ಮಾತ್ರ ನನಗೆ ಸರಿಬರಲಿಲ್ಲ.

ಅದೇ ವರ್ಷ ಜುಲೈನಲ್ಲಿ ಕೋಲಾರಕ್ಕೆ ಹೋಗಿದ್ದೆ. 15 ಕೆಜಿ ಟೊಮೇಟೊ ಬಾಕ್ಸು 2000 ರೂಪಾಯಿ ದಾಟಿದ್ದ ಕಾಲ. ಎಪಿಎಂಸಿಯಲ್ಲಿ ಎಲ್ಲಿ ನೋಡಿದರೂ ಟಿವಿ ಕ್ಯಾಮೆರಾ. ಮಂಡಿ ಇಟ್ಟಿರುವ ನಮ್ಮ ದೊಡ್ಡಪ್ಪ ಬಾಕ್ಸಿನ ಮೇಲಿನ ಹಣ್ಣು ಸರಿಸಿ, ತಳಕ್ಕೆ ಕೈ ಹಾಕಿ ಒಂದನ್ನು ತೆಗೆದು, ಹೆಬ್ಬೆರಳಲ್ಲಿ ಒತ್ತಿ ನೋಡುತ್ತಾ, "ರೇಟು ಬಿದ್ದು ರೋಡಿಗೆ ಸುರಿದಾಗ ಇವರೆಲ್ಲಾ ಎಲ್ಲಿದ್ರಪ್ಪಾ?" ಅಂದರು.

ಸುರಿದ ದಿನ ಒಂದು ಫೋಟೊ ಬಂದರೆ ಹೆಚ್ಚು. ಪಟ್ಟಣದ ಅಡುಗೆಮನೆಗೆ ಬಿಸಿ ತಟ್ಟಿದರೆ ವಾರಗಟ್ಟಲೆ ಚರ್ಚೆ. ಅರ್ಥಶಾಸ್ತ್ರಜ್ಞ ಎಡ್ವರ್ಡ್ ಹರ್ಮನ್ ಮತ್ತು ಚಾಮ್‌ಸ್ಕಿ ಸೇರಿ ಬರೆದ 1988ರ 'ಮ್ಯಾನುಫ್ಯಾಕ್ಚರಿಂಗ್ ಕನ್ಸೆಂಟ್'ನಲ್ಲಿ ಮಾಡಿದ್ದು ಇದೇ ಲೆಕ್ಕ. ಕಮ್ಯುನಿಸ್ಟ್ ಪೋಲೆಂಡಿನಲ್ಲಿ 1984ರಲ್ಲಿ ಕೊಲೆಯಾದ ಒಬ್ಬ ಪಾದ್ರಿಗೆ ಅಮೆರಿಕದ ಪತ್ರಿಕೆಗಳು ಎಷ್ಟು ಜಾಗ ಕೊಟ್ಟವು, ಲ್ಯಾಟಿನ್ ಅಮೆರಿಕದಲ್ಲಿ ಕೊಲೆಯಾದ ನೂರು ಪಾದ್ರಿ, ಸನ್ಯಾಸಿನಿಯರಿಗೆ ಎಷ್ಟು ಕೊಟ್ಟವು ಎಂದು ಅಳೆದು ಪಕ್ಕಪಕ್ಕದಲ್ಲಿಟ್ಟರು. ಪತ್ರಿಕೆಯ ಒಡೆಯರು ಯಾರು, ಜಾಹೀರಾತು ಯಾರದು, ಸುದ್ದಿ ಕೊಡುವವರು ಯಾರು ಎಂದು ಕೇಳಿದರು. ಟೊಮೇಟೊ ಕೊಳ್ಳುವವರು ಜಾಹೀರಾತಿಗೆ ಬೇಕಾದ ಗಿರಾಕಿಗಳು, ಬೆಳೆಯುವವರಲ್ಲ. ಇದನ್ನು ಒಪ್ಪಲು ಚಾಮ್‌ಸ್ಕಿ ಒಳ್ಳೆಯವರಾಗಿರಬೇಕಿಲ್ಲ. ಹಳೇ ಪೇಪರ್ ಕಟ್ಟು ಬಿಚ್ಚಿ ನಾವೇ ಅಳೆಯಬಹುದು.

ಪುಣೆಯ ಜಗಳವನ್ನು ದೊಡ್ಡಪ್ಪನಿಗೆ ಹೇಳಿದೆ. "ಹರಾಜು ಕೂಗುವಾಗ ಮಾಲು ನೋಡ್ತೀವಿ, ಯಾರ ತೋಟದ್ದು ಅಂತ ಕೇಳಲ್ಲ. ಅಡ್ವಾನ್ಸ್ ಕೊಡೋವಾಗ ಮಾತ್ರ ಮನುಷ್ಯನ್ನ ನೋಡ್ಬೇಕಪ್ಪಾ" ಅಂದರು. ನಮ್ಮೂರೆಲ್ಲಾ ಹೀಗೇ ಅಂತ ನಾನು ಹೇಳುತ್ತಿಲ್ಲ. ಟೀ ಅಂಗಡಿಯಲ್ಲಿ ಪೇಪರ್ ಬಿಚ್ಚುವ ಮೊದಲೇ 'ಬರೆದೋನು ಯಾವ ಪಾರ್ಟಿ' ಅಂತ ಕೇಳುವವರು ಅಲ್ಲೂ ಇದ್ದಾರೆ. ಆದರೆ ಮಂಡಿಯ ಈ ರೀತಿ ನನಗೆ ಪುಣೆಯದಕ್ಕಿಂತ ನ್ಯಾಯವಾಗಿ ಕಂಡಿತು.

ಮಾಲು ನೋಡುವುದೆಂದರೆ ತಳದ ಹಣ್ಣನ್ನೂ ನೋಡುವುದು. 1977ರಲ್ಲಿ ಹರ್ಮನ್, ಚಾಮ್‌ಸ್ಕಿ ಇಬ್ಬರೇ ಒಂದು ಲೇಖನದಲ್ಲಿ, ಕಾಂಬೋಡಿಯಾದಿಂದ ಓಡಿಬಂದ ನಿರಾಶ್ರಿತರು ಹೇಳಿದ ಆಗ ಅಲ್ಲಿ ಆಳುತ್ತಿದ್ದ ಕಮ್ಯುನಿಸ್ಟ್ ಖ್ಮೇರ್ ರೂಜ್ ಪಡೆಯ ಹತ್ಯೆಗಳ ವರದಿಗಳನ್ನು ಅನುಮಾನದಿಂದ ನೋಡಿದ್ದರು. ಆಮೇಲೆ ಹತ್ಯೆಗಳು ನಿಜವೆಂದು ಲೋಕಕ್ಕೇ ಗೊತ್ತಾಯಿತು. ಪತ್ರಿಕೆಗಳ ತಪ್ಪು ಹುಡುಕುವ ಭರದಲ್ಲಿ ಸಂಕಟಪಟ್ಟವರ ಮಾತು ಹಗುರವಾಗಿಬಿಟ್ಟಿತು. ನನ್ನ ಮಟ್ಟಿಗೆ ಅವರ ಮಾಧ್ಯಮ ವಿಮರ್ಶೆಯ ದೊಡ್ಡ ಹುಳುಕು ಇದೇ, ಎಪ್‌ಸ್ಟೀನ್ ಅಲ್ಲ.

ಎಪ್‌ಸ್ಟೀನ್ ಒಡನಾಟ ಅಡ್ವಾನ್ಸ್ ಲೆಕ್ಕಕ್ಕೆ ಬರುತ್ತದೆ. ಯಾರನ್ನು ನಂಬಬೇಕು, ಯಾರ ಜೊತೆ ಕೂರಬೇಕು ಎಂಬ ವಿಷಯದಲ್ಲಿ ಚಾಮ್‌ಸ್ಕಿ ಮಾತಿಗೆ ನಾನಂತೂ ಬಿಡಿಗಾಸೂ ಮುಂಗಡ ಕೊಡಲಾರೆ.

ಈ ತಿಂಗಳು ಎಲ್ಲರೂ ಸೇರುವುದು ನಮ್ಮ ಮನೆಯಲ್ಲಿ. ಪುಸ್ತಕ ಮೇಜಿನ ಮೇಲೆ ಇಟ್ಟಿರುತ್ತೇನೆ, 1977ರ ಲೇಖನದ ಪ್ರತಿಯನ್ನೂ.