ಹಾವಿಗೆ ಹಾಲು ಕೊಡಬೇಡಿ ಸ್ವಾಮಿ

ಹೊಲದಲ್ಲಿ ಸಿಕ್ಕ ಎರಡು ತಲೆ ಹಾವನ್ನು (ತಲೆ ಒಂದೇ, ಮೊಂಡು ಬಾಲವೂ ತಲೆಯಂತೆ ಕಾಣುವುದಕ್ಕೆ ಈ ಹೆಸರು) ಗಾಜಿನ ಪೆಟ್ಟಿಗೆಯಲ್ಲಿಟ್ಟು ಹಾಲು, ಮೊಟ್ಟೆ ಕೊಟ್ಟು ಸಾಕುತ್ತಿರುವ ಹುಡುಗನನ್ನು ನಿಮ್ಮ ಬರಹದಲ್ಲಿ ಪ್ರಾಣಿಪ್ರೇಮಿ ಅಂತ ಹೊಗಳಿದ್ದೀರಿ. ಹಾವಿಗೆ ಹಾಲು ಅರಗುವುದಿಲ್ಲ ಸ್ವಾಮಿ. ಬಾಯಾರಿದ್ದರೆ ನೀರಿನ ಬದಲು ಕುಡಿಯುತ್ತದೆ, ಅಷ್ಟೇ. ಇದರ ಊಟ ಇಲಿ. ಸಡಿಲ ಮಣ್ಣಿನೊಳಗೆ ಹೂತುಕೊಂಡಿದ್ದು ರಾತ್ರಿ ಹೊರಬರುವ ಜೀವ. ಹೀಗೆ ಹಿಡಿದು ತಂದ ಹಾವುಗಳು ಎಷ್ಟೋ ಸಲ ತಿನ್ನುವುದನ್ನೇ ಬಿಡುತ್ತವೆ, ಗಾಜಿಗೆ ಮೂತಿ ಉಜ್ಜಿ ಉಜ್ಜಿ ಗಾಯ ಮಾಡಿಕೊಳ್ಳುತ್ತವೆ. ನಿಮ್ಮ ಎರಡನೇ ಫೋಟೊದಲ್ಲೇ ಮೂತಿಯ ತುದಿ ಸುಲಿದಿರುವುದು ಕಾಣುತ್ತೆ, ದೊಡ್ಡದು ಮಾಡಿ ನೋಡಿ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಇದನ್ನು ಮನೆಯಲ್ಲಿಟ್ಟುಕೊಳ್ಳುವುದೇ ಅಪರಾಧ. ಅದೃಷ್ಟ, ನಿಧಿ ಅಂತ ನಂಬಿಸಿ ಈ ಹಾವನ್ನು ಲಕ್ಷಗಟ್ಟಲೆಗೆ ಮಾರುವವರು ನಮ್ಮ ರಾಜ್ಯದಲ್ಲೇ ಸಿಕ್ಕಿಬಿದ್ದಿದ್ದಾರೆ. ಅಂಥದ್ದರಲ್ಲಿ ಊರಿನ ಹೆಸರನ್ನೂ ಹಾಕಿದ್ದೀರಲ್ಲ! ಮೊದಲು ಆ ಹೆಸರನ್ನು ತೆಗೆಯಿರಿ, ಹಾವನ್ನು ಅರಣ್ಯ ಇಲಾಖೆಗೆ ಒಪ್ಪಿಸಲು ಹುಡುಗನಿಗೆ ಹೇಳಿ.