ದೈತ್ಯ ಬ್ರ್ಯಾಂಡ್‌ಗಳ ಹೊಲಿಗೆ ಕೆಲಸ ಹಾಸನಕ್ಕೆ ಇನ್ನಷ್ಟು ಬರಬೇಕೆ?

ಪರ: ಬರಲಿ, ಬೇಗ ಬರಲಿ

ಆಲೂಗಡ್ಡೆ ಕೈಕೊಟ್ಟ ಮೇಲೆ ಹಾಸನದ ಸುತ್ತಲಿನ ಎಷ್ಟೋ ಮನೆಗಳನ್ನು ಹಿಡಿದು ನಿಲ್ಲಿಸಿದ್ದು ಗಾರ್ಮೆಂಟ್ಸ್. ಇದನ್ನು ಒಪ್ಪಿಕೊಳ್ಳದೆ ಈ ಚರ್ಚೆ ಶುರು ಮಾಡುವುದೇ ತಪ್ಪು.

ನಮ್ಮದು ದುದ್ದ ಕಡೆಯ ಊರು. ಪಂಜಾಬಿನ ಜಲಂಧರದಿಂದ ಬಂದ ಬಿತ್ತನೆ ಗಡ್ಡೆಯನ್ನು ಸಾಲ ಮಾಡಿ ತಂದು ಹಾಕುತ್ತಿದ್ದೆವು. ಮೋಡ ಕವಿದು ನಾಲ್ಕು ದಿನ ಜಡಿಮಳೆ ಹಿಡಿದರೆ ಅಂಗಮಾರಿ ಬಂದು ಎಲೆಯೆಲ್ಲ ಕಪ್ಪಾಗಿ ಕೊಳೆಯುತ್ತಿತ್ತು. ಹೀಗೆ ಬೆಳೆ ಹೋದ ಒಂದು ವರ್ಷ ಅಮ್ಮ ಫ್ಯಾಕ್ಟರಿಯ ವ್ಯಾನ್ ಹತ್ತಿದಳು. ಮೊದಲು ಹೆಲ್ಪರ್, ದಾರ ಕತ್ತರಿಸುವ ಕೆಲಸ. ಆಮೇಲೆ ಸಿಂಗಲ್ ನೀಡಲ್ ಮೆಷೀನಿನಲ್ಲಿ ಕಾಲರ್. ಕಾಲರಿನ ಎರಡು ತುದಿ ಒಂದೇ ಸಮ ಬರುವುದು ಸುಲಭವಲ್ಲ. ಅರ್ಧ ನೂಲು ಆಚೀಚೆಯಾದರೂ ಚೆಕಿಂಗಿನವರು ವಾಪಸ್ ಕಳಿಸುತ್ತಾರೆ. ಅಮ್ಮನ ಕಾಲರ್ ವಾಪಸ್ ಬರುವುದು ಅಪರೂಪ ಎಂದು ಅವಳ ಬ್ಯಾಚಿನವರು ಇವತ್ತಿಗೂ ಹೇಳುತ್ತಾರೆ.

ಸಂಬಳ ಅವಳ ಹೆಸರಿನ ಬ್ಯಾಂಕ್ ಖಾತೆಗೇ ಬೀಳುತ್ತಿತ್ತು. ಕೂಲಿಗೆ ಹೋದಾಗ ದುಡ್ಡು ಅಪ್ಪನ ಕೈಗೆ ಹೋಗುತ್ತಿದ್ದದ್ದನ್ನು ನೋಡಿದವರಿಗೆ ಇದರ ಬೆಲೆ ಗೊತ್ತು. ತಂಗಿಯ ಆಪರೇಷನ್ ಇಎಸ್ಐನಲ್ಲಿ ಆಯಿತು. ನನ್ನ ಡಿಗ್ರಿಯ ಕೊನೆಯ ವರ್ಷದ ಖರ್ಚು ಅಮ್ಮನ ಪಿಎಫ್ ದುಡ್ಡಿನದು. ಹೊಲದ ಕೂಲಿಯಲ್ಲಿ ಪಿಎಫ್ ಯಾರು ಕಟ್ಟುತ್ತಾರೆ?

ಇದೆಲ್ಲ ದೊಡ್ಡ ಕಂಪನಿಗಳು ಇರುವುದರಿಂದಲೇ ಆದದ್ದು. ಸ್ಪೇನಿನ ಒಂದು ಊರಿನಲ್ಲಿ 1975ರಲ್ಲಿ ಒಂದು ಅಂಗಡಿಯಾಗಿ ಶುರುವಾದ ಜಾರಾ, 1947ರಲ್ಲಿ ಸ್ವೀಡನ್ನಿನಲ್ಲಿ ಶುರುವಾದ ಎಚ್ ಅಂಡ್ ಎಂ, ಜಪಾನಿನ ಯೂನಿಕ್ಲೊ: ಇಂಥವು ಲೋಕವೆಲ್ಲ ಹರಡಿದ ಮೇಲೆಯೇ ಇಷ್ಟೊಂದು ಹೊಲಿಗೆ ಕೆಲಸ ಹುಟ್ಟಿದ್ದು. ಊರಿನ ದರ್ಜಿ ಅಂಗಡಿ ಎಷ್ಟು ಜನರನ್ನು ಸಾಕೀತು? ವಿರೋಧಿಸುವವರು ಎಲ್ಲರೂ ಖಾದಿ ಉಟ್ಟು ಮನೆಯಲ್ಲಿ ಚರಕ ತಿರುಗಿಸಲಿ ಎನ್ನುತ್ತಾರೆ. ಅವರ ಮನೆಯ ಹೆಣ್ಣುಮಕ್ಕಳಿಗೆ ಆ ಮಾತು ಹೇಳಲಿ ನೋಡೋಣ.

ಇನ್ನೊಂದು ವಿಷಯ. ಇನ್ನೂರೈವತ್ತಕ್ಕಿಂತ ಹೆಚ್ಚು ಜನ ಇರುವ ಕಡೆ ಕ್ಯಾಂಟೀನ್ ಇರಬೇಕು, ಮೂವತ್ತಕ್ಕಿಂತ ಹೆಚ್ಚು ಹೆಂಗಸರಿದ್ದರೆ ಮಕ್ಕಳಿಗೆ ಕೋಣೆ ಇರಬೇಕು ಎಂದು 1948ರ ಫ್ಯಾಕ್ಟರಿ ಕಾಯ್ದೆ ದಶಕಗಳ ಕಾಲ ಹೇಳುತ್ತಿತ್ತು. ಸರ್ಕಾರದ ಇನ್ಸ್‌ಪೆಕ್ಟರ್‌ಗೆ ಯಾರೂ ಹೆದರಿದ್ದಿಲ್ಲ. ‘ಬಯರ್ ಬರ್ತಾರೆ’, ಅಂದರೆ ಬಟ್ಟೆ ಕೊಳ್ಳುವ ಬ್ರ್ಯಾಂಡಿನವರು ನೋಡಲು ಬರುತ್ತಾರೆ ಎಂದರೆ ಮಾತ್ರ ತುರ್ತು ಬಾಗಿಲಿಗೆ ಅಡ್ಡ ಇಟ್ಟ ಡಬ್ಬಗಳು ಮಾಯವಾಗುತ್ತವೆ, ಬೆಂಕಿ ಆರಿಸುವ ಸಿಲಿಂಡರಿನ ತಾರೀಖು ನೋಡುತ್ತಾರೆ. ಬಾಂಗ್ಲಾದೇಶದ ಢಾಕಾ ಬಳಿ ಗಾರ್ಮೆಂಟ್ಸ್ ಫ್ಯಾಕ್ಟರಿಗಳಿದ್ದ ರಾಣಾ ಪ್ಲಾಜಾ ಕಟ್ಟಡ ಕುಸಿದ ದುರಂತವನ್ನು ಎತ್ತುವವರು, ಅದೇ 2013ರಲ್ಲಿ ದೊಡ್ಡ ಬ್ರ್ಯಾಂಡ್‌ಗಳು ಕಾನೂನಿನ ಕಟ್ಟಿಗೆ ಒಳಪಟ್ಟ ಸುರಕ್ಷತಾ ಒಪ್ಪಂದಕ್ಕೆ ಸಹಿ ಹಾಕಿದ್ದನ್ನು ಹೇಳುವುದಿಲ್ಲ.

ಸಂಬಳ ಕಡಿಮೆ ಎನ್ನುವುದು ನಿಜವಿರಬಹುದು. ಕೆಲಸ ಇದ್ದರೆ ತಾನೇ ಹೆಚ್ಚು ಕೇಳುವುದು? 2016ರ ಏಪ್ರಿಲ್‌ನಲ್ಲಿ ಪಿಎಫ್ ನಿಯಮ ಬದಲಾದಾಗ ಬೆಂಗಳೂರಿನ ರಸ್ತೆಗಳನ್ನು ತುಂಬಿ ಕೇಂದ್ರ ಸರ್ಕಾರವನ್ನು ಹಿಂದಕ್ಕೆ ಸರಿಸಿದ್ದು ಇದೇ ಗಾರ್ಮೆಂಟ್ಸ್ ಹೆಂಗಸರು. ಮನೆಯೊಳಗೆ ಕೂತಿದ್ದರೆ ಆ ಶಕ್ತಿ ಬರುತ್ತಿತ್ತೇ?

ನನ್ನ ಚಿಕ್ಕಮ್ಮನ ಮಗಳು ಈಗಲೂ ಆಲೂರಿನಿಂದ ವ್ಯಾನ್ ಹತ್ತುತ್ತಾಳೆ. ಇನ್ನೊಂದು ಶೆಡ್ ಎದ್ದರೆ ಅವಳು ಸೂಪರ್‌ವೈಸರ್ ಆಗುತ್ತಾಳೆ. ಅದು ಬೇರೆ ಜಿಲ್ಲೆಗೆ ಹೋಗಲಿ ಎನ್ನಲು ನನಗಂತೂ ಬಾಯಿ ಬರುವುದಿಲ್ಲ.

ವಿರೋಧ: ಲೆಕ್ಕ ಕೊಟ್ಟು ಬರಲಿ

ಈ ಪಕ್ಷ ಬರೆಯಿರಿ ಎಂದಾಗ ಒಪ್ಪಿಕೊಂಡೆ. ಫ್ಯಾಕ್ಟರಿಗಳೇ ಬೇಡ ಎನ್ನುವವನು ನಾನಲ್ಲ. ಆದರೆ ದೈತ್ಯ ಕಂಪನಿಗಳು ಬಂದರೆ ಊರಿಗೆ ಊರೇ ಉದ್ಧಾರವಾಗಿ ಮನೆಮನೆಗೆ ಕಾರು ಬರುತ್ತದೆ ಎನ್ನುವವರ ಮಾತನ್ನು ಒಪ್ಪಲಾರೆ.

ಮೊದಲನೆಯದಾಗಿ, ಆ ಕಂಪನಿಗಳು ಇಲ್ಲಿಗೆ ಬರುವುದೇ ಇಲ್ಲ. ಎಚ್ ಅಂಡ್ ಎಂ, ನೈಕಿ ತಮ್ಮ ಬಟ್ಟೆಯನ್ನು ಬೇರೆಯವರ ಫ್ಯಾಕ್ಟರಿಗಳಲ್ಲಿ ಹೊಲಿಸುತ್ತವೆ. ಬರುವುದು ಆರ್ಡರ್ ಮಾತ್ರ, ಮತ್ತು ಆರ್ಡರಿಗೆ ಕಾಲಿದೆ. 2020ರಲ್ಲಿ ಕೋವಿಡ್ ಬಂದಾಗ ಹೊಲಿದು ಮುಗಿದಿದ್ದ ಸರಕಿನ ಆರ್ಡರನ್ನೂ ಹಲವು ಬ್ರ್ಯಾಂಡ್‌ಗಳು ರದ್ದು ಮಾಡಿದವು. ಬಾಂಗ್ಲಾದೇಶದಲ್ಲಿ ಅದರ ಪೆಟ್ಟು ನೇರವಾಗಿ ಕಾರ್ಮಿಕರ ಮೇಲೆ ಬಿತ್ತು.

ಚಿಕ್ಕಮಗಳೂರಿನ ನಮಗೆ ದೂರದವರು ದರ ಕಟ್ಟುವುದು ಹೊಸದಲ್ಲ. ಅರೇಬಿಕಾ ಕಾಫಿಯ ದರ ನ್ಯೂಯಾರ್ಕಿನಲ್ಲಿ, ರೋಬಸ್ಟಾದ್ದು ಲಂಡನ್ನಿನಲ್ಲಿ ಏರಿಳಿಯುತ್ತದೆ. ಆದರೂ ಬೆಳೆಗಾರ ಚೆರ್ರಿ ಒಣಗಿಸಿ ಗೋದಾಮಿನಲ್ಲಿಟ್ಟು ದರಕ್ಕೆ ಕಾಯಬಲ್ಲ. ಹೊಲಿಯುವವಳು ತನ್ನ ಇವತ್ತಿನ ಎಂಟು ಗಂಟೆಯನ್ನು ಗೋದಾಮಿನಲ್ಲಿ ಇಡಲಾರಳು. ಟಾರ್ಗೆಟ್ ಮುಟ್ಟಲು ನೀರು ಕುಡಿಯದೆ, ಶೌಚಕ್ಕೆ ಏಳದೆ ಕೂರುವವರಿದ್ದಾರೆ. ನಮ್ಮ ಬೀದಿಯಲ್ಲೇ ಹಾಗೆ ಕೂತು ಆರೋಗ್ಯ ಕೆಡಿಸಿಕೊಂಡ ಹೆಣ್ಣುಮಗಳೊಬ್ಬಳಿದ್ದಾಳೆ. ಅವಳಿದ್ದ ಫ್ಯಾಕ್ಟರಿಗೂ ಬಯರ್ ಕಡೆಯ ಆಡಿಟ್, ಅಂದರೆ ತಪಾಸಣೆ, ಬರುತ್ತಿತ್ತು.

ರಾಣಾ ಪ್ಲಾಜಾದಲ್ಲಿ ಸತ್ತವರು 1,100ಕ್ಕೂ ಹೆಚ್ಚು. ಗೋಡೆ ಬಿರುಕು ಬಿಟ್ಟದ್ದು ಹಿಂದಿನ ದಿನವೇ ಗೊತ್ತಾಗಿತ್ತು. ಮರುದಿನವೂ ಜನರನ್ನು ಒಳಗೆ ಕಳಿಸಿದರು. ಒಪ್ಪಂದ ಬಂದದ್ದು ಆ ಮೇಲೆ.

ಪರಿಸರದ ವಿಷಯವೂ ಇದೆ. ಚಿಲಿಯ ಅಟಕಾಮಾ ಮರುಭೂಮಿಯಲ್ಲಿ ಬೇಡವಾದ ಬಟ್ಟೆಗಳು ಗುಡ್ಡಗಳಾಗಿ ಬಿದ್ದಿವೆ. ಕೆಲಸದ ಮಾತು ಎತ್ತುವವರಿಗೆ ನನ್ನ ಉತ್ತರ ಇಷ್ಟೇ: ಕೆಲಸ ಬೇರೆ ಉದ್ಯಮಗಳಿಂದಲೂ ಬರುತ್ತದೆ. ಪಿಎಫ್, ಇಎಸ್ಐ ಕೊಟ್ಟದ್ದು ನಮ್ಮ ದೇಶದ ಕಾನೂನು, ಬ್ರ್ಯಾಂಡ್ ಅಲ್ಲ.

ಜಾರಾದ ಒಡೆತನದ ಕಂಪನಿ ಇಂಡಿಟೆಕ್ಸ್‌ನ 2024ರ ಮಾರಾಟ ಸುಮಾರು 3,860 ಕೋಟಿ ಯೂರೊ. ಯಾವ ಫ್ಯಾಕ್ಟರಿಗಳಲ್ಲಿ ಹೊಲಿಸುತ್ತೇವೆ ಎಂಬ ಪಟ್ಟಿಯನ್ನು ನೈಕಿ 2005ರಲ್ಲೂ ಎಚ್ ಅಂಡ್ ಎಂ 2013ರಲ್ಲೂ ಬಹಿರಂಗಪಡಿಸಿದವು. ಅದು ಒಳ್ಳೆಯ ಕೆಲಸವೇ. ಒಂದು ಅಂಗಿಗೆ ಆ ಫ್ಯಾಕ್ಟರಿಗೆ ಎಷ್ಟು ಕೊಟ್ಟೆವು, ಅದರಲ್ಲಿ ಹೊಲಿದವಳ ಕೂಲಿ ಎಷ್ಟು ಎಂಬುದನ್ನೂ ಹಾಗೆಯೇ ಬಹಿರಂಗಪಡಿಸಲಿ. ಜಮೀನು, ಹೇಮಾವತಿಯ ನೀರು ಕೊಡುವ ಮಾತು ಆಮೇಲೆ ಆಡೋಣ.